ಉಪ್ಪು ತೊಳೆಯುವ ಮಳೆ

ಕುಮಟಾ ತಾಲೂಕು, ಅಘನಾಶಿನಿ ದಂಡೆ
20 ಮೇ 2024

ಅಬ್ಬಾ, ಸಲಾಂ.

ಅಮ್ಮನಿಗೆ ಈ ಪತ್ರ ಓದಿ ಹೇಳುವಾಗ ಸ್ವಲ್ಪ ಮೆತ್ತಗೆ ಓದಿ. ಕಳೆದ ಸಲ ನನ್ನ ಅತ್ತೆಯ ಬಗ್ಗೆ ಬರೆದದ್ದೆಲ್ಲ ಬಾಜು ಮನೆಯವರಿಗೂ ಕೇಳಿತಂತೆ. ಶಗುಫ್ತಾ ಭಾಭಿ ಫೋನಿನಲ್ಲಿ ನಕ್ಕು ನಕ್ಕು ಹೇಳಿದಳು. ಅಣ್ಣಿಗೇರಿಯ ಹತ್ತಿ ಜಿನ್ನಿನ ಮಷಿನ್ನುಗಳ ಸದ್ದು ನಿಮ್ಮ ಕಿವಿ ತಿಂದುಹಾಕಿತು, ದನಿಯನ್ನು ಮಾತ್ರ ಮುಟ್ಟಲಿಲ್ಲ. ಸಲೀಮ್ ಭಾಯಿ ತಂದುಕೊಟ್ಟ ಕಿವಿಯ ಮಷಿನ್ನು ಇನ್ನೂ ಟ್ರಂಕಿನಲ್ಲೇ ಇದೆ ಎಂದು ಗೊತ್ತು. ಇರಲಿ ಬಿಡಿ. ನೀವು ಫೋನಿನಲ್ಲಿ ಮಾತಾಡುವವರಾಗಿದ್ದರೆ ನಾನು ಹೀಗೆ ಕೂತು ಬರೆಯುತ್ತಲೂ ಇರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಬರುತ್ತೇನೆ ಎಂದಿದ್ದೀರಿ. ಮದುವೆಯಾದ ಮೇಲೆ ಇದೇ ಮೊದಲ ಸಲ ನೀವು ನನ್ನ ಮನೆಗೆ ಬರುವುದು. ಬರುವ ಮೊದಲೇ ಇಲ್ಲಿಯ ಭೂಮಿಯ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬಂದವರೇ "ಇದೇನ್ ಹೊಲಾನೋ ಕೆರೀನೋ" ಎಂದು ಊರವರ ಮುಂದೆ ಕೇಳಿಬಿಡುತ್ತೀರಿ.

ಇದಕ್ಕೆ ಗಜನಿ ಎನ್ನುತ್ತಾರೆ. ನದಿ ಸಮುದ್ರ ಸೇರುವ ಕಡೆ, ನದಿಗಿಂತ ತಗ್ಗಿನಲ್ಲಿರುವ ಗದ್ದೆ. ಸುತ್ತ ಮಣ್ಣಿನ ಒಡ್ಡು, ಒಡ್ಡಿಗೆ ಹಲಗೆ ಇಳಿಬಿಟ್ಟ ಒಂದು ಬಾಗಿಲು. ದಿನವೂ ಸಮುದ್ರ ಏರುತ್ತದೆ, ಅದು ಭರತ. ಮತ್ತೆ ಇಳಿಯುತ್ತದೆ, ಅದು ಇಳಿತ. ಸುಗ್ಗಿಯಾದ ಮೇಲೆ ಹಲಗೆ ತೆಗೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ, ಜೊತೆಗೆ ಸಿಗಡಿ, ಮೀನು ಬರುತ್ತವೆ, ಬೇಸಿಗೆಯೆಲ್ಲ ಅವುಗಳದ್ದೇ ಊಟ. ಮಳೆಗಾಲಕ್ಕೆ ಮತ್ತೆ ಹಲಗೆ ಹಾಕುತ್ತಾರೆ. ಮೊದಲ ಮಳೆ ಗದ್ದೆಯಲ್ಲಿ ನಿಂತು ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ಹಲಗೆ ಎತ್ತಿ ಆ ನೀರನ್ನು ಸಮುದ್ರಕ್ಕೆ ಬಿಡುವುದು, ಭರತ ಬರುವ ಮೊದಲು ಮುಚ್ಚುವುದು. ಮತ್ತೆ ಮಳೆ, ಮತ್ತೆ ಬಿಡುವುದು. ಹೀಗೆ ಗದ್ದೆ ತೊಳೆದು, ಕಗ್ಗ ಎನ್ನುವ ಭತ್ತವನ್ನು ಮೊಳಕೆ ಬರಿಸಿ ಎರಚುತ್ತಾರೆ. ಉಪ್ಪಿನ ಮಣ್ಣಿನಲ್ಲಿ ಬೇರೆ ಯಾವ ಭತ್ತವೂ ಬದುಕುವುದಿಲ್ಲ. ನಮ್ಮೂರಲ್ಲಿ ಮಳೆನೀರು ಹೊಲ ಬಿಟ್ಟು ಹೋದರೆ ನೀವು ಎದೆ ಬಡಿದುಕೊಳ್ಳುತ್ತೀರಿ. ಇಲ್ಲಿ ಹೋಗದೆ ನಿಂತರೆ ಬಡಿದುಕೊಳ್ಳುತ್ತಾರೆ.

ಒಂದು ಚಿಂತೆಯೂ ಇದೆ. ಹೊರಗಿನ ಒಬ್ಬ ಕಾಂಟ್ರಾಕ್ಟರ್ ಇಡೀ ಗಜನಿಯನ್ನು ಸಿಗಡಿ ಸಾಕಲು ಕೇಳುತ್ತಿದ್ದಾನೆ. ಕೊಟ್ಟರೆ ವರ್ಷವಿಡೀ ಉಪ್ಪುನೀರು, ಭತ್ತದ ಮಾತೇ ಇಲ್ಲ. ಅರ್ಧ ಊರು ಕೊಡೋಣ ಎನ್ನುತ್ತಿದೆ. ಈ ವರ್ಷದ ಬೆಳೆ ನೋಡಿ ತೀರ್ಮಾನಿಸೋಣ ಎಂದು ಸದ್ಯಕ್ಕೆ ನಿಲ್ಲಿಸಿದ್ದಾರೆ. ಹಲಗೆ ಕಾಯುವ ಪಾಳಿ ಈ ವರ್ಷ ನಮ್ಮ ಮನೆಯದು. ನಿಮ್ಮ ಅಳಿಯ ಸರ್ಫರಾಜ್ ಇದನ್ನು ಹಟಕ್ಕೆ ತೆಗೆದುಕೊಂಡಿದ್ದಾರೆ. ಬೆಳೆ ಬಂದರೆ ಗದ್ದೆ ಉಳಿಯುತ್ತದೆ, ನಾವೂ ಇಲ್ಲಿ ಉಳಿಯುತ್ತೇವೆ.

ಬರುವಾಗ ಜೋಳದ ಹಿಟ್ಟು ತನ್ನಿ. ಇಲ್ಲಿಯ ಹಿಟ್ಟು ತಟ್ಟಿದರೆ ಒಡೆದುಹೋಗುತ್ತದೆ.

ನಿಮ್ಮ ದಾರಿ ನೋಡುತ್ತಿರುವ
ಜಹೀರಾ


ತಿರ್ಲಾಪುರ, ತಾ. ನವಲಗುಂದ
22 ಜೂನ್ 2024

ಮಗಳು ಜಹೀರಾಳಿಗೆ,

ಊರು ಮುಟ್ಟಿದೆ. ಬಕ್ರೀದ್ ಚೆನ್ನಾಗಿ ಆಯಿತು. ನೀನು ಕಟ್ಟಿಕೊಟ್ಟ ಒಣಮೀನಿನ ವಾಸನೆಗೆ ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಒಬ್ಬ ಮೂಗು ಮುಚ್ಚಿಕೊಂಡು ಎದ್ದೇ ಹೋದ. ನನಗೆ ಕೂರಲು ಜಾಗವಾಯಿತು.

ನಿಮ್ಮ ಊರು ಚೆಂದವಿದೆ. ಬೀಗತಿ ಜುಲೇಖಾಬಿಯವರು ಮನೆಗೆ ಬಂದವನನ್ನು ನವಾಬನ ಹಾಗೆ ನೋಡಿಕೊಂಡರು. ಆದರೆ ನೀರಿನ ವಿಷಯದಲ್ಲಿ ನಿಮ್ಮ ಜನಕ್ಕೆ ಬುದ್ಧಿ ಕಡಿಮೆ. ಮಳೆನೀರನ್ನು ಸಮುದ್ರಕ್ಕೆ ಬಿಡುತ್ತಾರೆ ಎಂದು ನೀನು ಬರೆದಾಗ ನಾನು ನಂಬಿರಲಿಲ್ಲ. ಮಗಳು ಇನ್ನೂ ಹೊಸಬಳು, ಏನೋ ತಪ್ಪು ತಿಳಿದಿದ್ದಾಳೆ ಅಂದುಕೊಂಡೆ. ಕಣ್ಣಾರೆ ನೋಡಿದ ಮೇಲೆ ಹೊಟ್ಟೆ ಉರಿಯಿತು. ನವಲಗುಂದದ ನೀರಿನ ಹೋರಾಟದ ಪೆಂಡಾಲಿನಲ್ಲಿ ಬಿಸಿಲಿಗೆ ಕೂತು, ಸಮುದ್ರದ ಪಾಲಾಗುವ ನೀರು ನಮಗೆ ಕೊಡಿ ಎಂದು ಗಂಟಲು ಹರಿದುಕೊಂಡವನು ನಾನು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ನೀವು ಹಳ್ಳಕ್ಕೆ ಹಳ್ಳವನ್ನೇ ಬಿಟ್ಟುಕೊಟ್ಟು ಕೂತಿದ್ದೀರಿ.

ನಾನು ಹೊರಡುವ ಹಿಂದಿನ ದಿನ ಅಳಿಯಂದಿರು ಏನೋ ತರಲು ಕುಮಟಾಕ್ಕೆ ಹೋಗಿದ್ದರು. ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಒಡ್ಡಿನ ಮೇಲೆ ಹೋಗಿ ನೋಡಿದರೆ ಬಾಗಿಲು ತೆರೆದಿದೆ, ರಾತ್ರಿ ಬಿದ್ದ ಮಳೆ ಧೋ ಎಂದು ಹೊರಗೆ ಹೋಗುತ್ತಿದೆ, ಕೇಳುವವರಿಲ್ಲ. ನನ್ನ ಕೈ ಸುಮ್ಮನಿರಲಿಲ್ಲ. ಹಲಗೆ ಒಂದೊಂದಾಗಿ ಇಳಿಸಿದೆ. ಸಂದಿಗೆಲ್ಲ ಜೇಡಿಮಣ್ಣು ಮೆತ್ತಿ, ಕಲ್ಲು ಒತ್ತಿ, ನಮ್ಮ ಹೊಲದ ಒಡ್ಡಿಗೆ ಹೇಗೆ ಹಾಕುತ್ತೇವೋ ಹಾಗೆ ಹಾಕಿದೆ. ಒಂದು ತೊಟ್ಟು ಹೊರಗೆ ಹೋಗಲಿಲ್ಲ.

ಆಗ ನಿಮ್ಮ ನೆರೆಮನೆಯ ಆ ಮುದುಕಿ, ಮಾದೇವಿ, ಓಡೋಡಿ ಬಂದಳು. ಎರಡೂ ಕೈ ಬೀಸಿ ಬೀಸಿ ಬಹಳ ಮಾತಾಡಿದಳು. ಕಣ್ಣಲ್ಲಿ ನೀರೂ ಇತ್ತು. ಇಷ್ಟು ವರ್ಷ ಯಾರೂ ಮಾಡದ ಕೆಲಸ ಮಾಡಿದೆ ಎನ್ನುತ್ತಿರಬೇಕು, ಪಾಪ. ನಾನು ಕೈ ಮುಗಿದು, "ಇರ್ಲಿ ಬಿಡ್ರಿ ಯವ್ವಾ, ಇದೇನ್ ದೊಡ್ಡ ಕೆಲಸ ಅಲ್ರಿ" ಎಂದೆ. ಮರುದಿನ ನಸುಕಿನಲ್ಲಿ ಬಸ್ ಹೊರಟಾಗ ನಿಮ್ಮ ಊರವರು ಆ ಒಡ್ಡಿನ ಮೇಲೆ ಸೇರಿದ್ದರು. ನನ್ನನ್ನು ಕಳಿಸಲು ಬಂದವರೇನೋ ಎಂದು ಕಿಟಕಿಯಿಂದ ಕೈ ಮಾಡಿದೆ.

ಇಲ್ಲಿ ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕಾಸೀಮಸಾಬ ಸಮುದ್ರಕ್ಕೇ ಬಾಗಿಲು ಹಾಕಿ ಬಂದ ಎಂದು ನಗುತ್ತಾರೆ. ನಗಲಿ. ಪೈರು ಹೇಗಿದೆ, ಬರಿ. ಅಳಿಯಂದಿರು ಕುಮಟಾ ಬಸ್ ಸ್ಟ್ಯಾಂಡಿನವರೆಗೂ ಒಂದು ಮಾತಾಡಲಿಲ್ಲ. ಮೊದಲೇ ಕಡಿಮೆ ಮಾತಿನವರು, ನನ್ನ ಜೊತೆ ಆಡಿ ಉಪಯೋಗವೂ ಇಲ್ಲವೆನ್ನು.

ನಿನ್ನ ಅಬ್ಬಾ
ಕಾಸೀಮಸಾಬ


ಕುಮಟಾ ತಾಲೂಕು
12 ಜುಲೈ 2024

ಅಬ್ಬಾ, ಸಲಾಂ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಆಗಲಿಲ್ಲ.

ಮಳೆ ಚೆನ್ನಾಗಿದೆ. ಅತ್ತೆಗೆ ಮಂಡಿನೋವು ಹಾಗೇ ಇದೆ. ಹಲಗೆಯ ಪಾಳಿ ಈಗ ನಮ್ಮ ಮನೆಯದಲ್ಲ, ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ನಿಮ್ಮ ಅಳಿಯ ಈಗ ದೋಣಿಯ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ.

ಪೈರಿನ ಬಗ್ಗೆ ಕೇಳಿದ್ದೀರಿ. ಮಳೆಗಾಲ ಇನ್ನೂ ಬಹಳ ಇದೆ.

ಚಹಾದಂಗಡಿಯಲ್ಲಿ ಈ ವಿಷಯ ಹೆಚ್ಚು ಮಾತಾಡಬೇಡಿ ಅಬ್ಬಾ. ಜನರ ದೃಷ್ಟಿ ತಾಗುತ್ತದೆ.

ಜಹೀರಾ


ತಿರ್ಲಾಪುರ
3 ಆಗಸ್ಟ್ 2024

ಜಹೀರಾ,

ಇದೇನು ಪತ್ರವೇ? ತಾರು ಕಳಿಸಿದಂತಿದೆ. ದೃಷ್ಟಿ ತಾಗುತ್ತದೆ ಎನ್ನುವವಳು ನೀನು ಯಾವಾಗಿನಿಂದ ಆದೆ? ದೃಷ್ಟಿಬೊಟ್ಟು ಇಡಲು ಬಂದರೆ ಅಮ್ಮನ ಕೈ ತಳ್ಳಿ ಓಡುತ್ತಿದ್ದವಳು.

ಅಳಿಯಂದಿರಿಂದ ಪಾಳಿ ಯಾಕೆ ಹೋಯಿತು? ನಾನು ಅಷ್ಟು ಗಟ್ಟಿ ಮಾಡಿಕೊಟ್ಟ ಬಾಗಿಲು ಬೇರೆಯವರ ಕೈಗೆ ಕೊಟ್ಟರೇ? ಅದರಲ್ಲೇನೋ ಊರ ರಾಜಕೀಯ ಇರಬೇಕು. ಒಳ್ಳೆಯ ಕೆಲಸ ಮಾಡಿದವನ ಮನೆ ಮೇಲೇ ಎಲ್ಲರ ಕಣ್ಣು.

ಇಲ್ಲಿ ಹೆಸರುಕಾಳಿನ ಬುಡ್ಡಿ ಬಿಡಿಸುವ ಕೆಲಸ ನಡೆದಿದೆ. ಈ ಸಲ ಮಳೆ ಬೇಕಾದಾಗಲೂ ಬಂತು, ಬೇಡವಾದಾಗಲೂ ಬಂತು. ಶಗುಫ್ತಾ ಹೊಲಕ್ಕೆ ಬುತ್ತಿ ತರುವಾಗ ಎರೆಮಣ್ಣಿನಲ್ಲಿ ಜಾರಿ ಬಿದ್ದಳು. ಬುತ್ತಿ ಉಳಿಸಿಕೊಂಡಳು, ಚಪ್ಪಲಿ ಬಿಟ್ಟು ಬಂದಳು. ಸಲೀಮ್ ಹೋಗಿ ಅಗೆದು ತಂದ.

ಒಂದು ಮಾತು. ನಾನು ಉಳಿಸಿದ ನೀರಿನಲ್ಲಿ ಬೆಳೆದ ಆ ಕಗ್ಗದ ಅಕ್ಕಿಯನ್ನು ಊರವರಿಗೆ ಉಣ್ಣಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಬಹಳ ಬೇಡ, ಒಂದು ಚಿಕ್ಕ ಚೀಲ. ಸುಗ್ಗಿಯಾದ ಕೂಡಲೇ ಕಳಿಸು. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ.

ಅಬ್ಬಾ


(ಅಂಚೆ ಕಾರ್ಡು)
ತಿರ್ಲಾಪುರ
19 ಅಕ್ಟೋಬರ್ 2024

ಜಹೀರಾ, ನಿನ್ನಿಂದ ಒಂದಕ್ಷರವಿಲ್ಲ. ಫೋನಿನಲ್ಲಿ ಶಗುಫ್ತಾಳಿಗೆ ಎಲ್ಲ ಚೆನ್ನಾಗಿದೆ ಎನ್ನುತ್ತೀಯಂತೆ. ಚೆನ್ನಾಗಿದ್ದರೆ ಬರೆಯಲು ಏನು ಕಷ್ಟ? ಅಕ್ಕಿ ಮರೆಯಬೇಡ. ಜನ ಕೇಳುತ್ತಿದ್ದಾರೆ. ಅಬ್ಬಾ.


ಕುಮಟಾ ತಾಲೂಕು
10 ನವೆಂಬರ್ 2024

ಅಬ್ಬಾ, ಸಲಾಂ.

ಹುಬ್ಬಳ್ಳಿಗೆ ಹೋಗುವ ಪರಿಚಯದವರ ಕೈಯಲ್ಲಿ ಅಕ್ಕಿ ಕಳಿಸಿದ್ದೇನೆ. ಸಲೀಮ್ ಭಾಯಿಗೆ ಹೋಗಿ ತರಲು ಹೇಳಿ. ಎಲ್ಲರಿಗೂ ಉಣ್ಣಿಸಿ. ಅಮ್ಮನಿಗೆ ಕೆಂಪಕ್ಕಿ ಬೇಯಿಸುವ ರೂಢಿ ಇಲ್ಲ, ನೀರು ಜಾಸ್ತಿ ಇಡಲು ಹೇಳಿ.

ಗಜನಿಯ ವಿಷಯ ಊರವರು ಜನವರಿಯಲ್ಲಿ ಸಭೆ ಸೇರಿ ತೀರ್ಮಾನಿಸುತ್ತಾರಂತೆ. ನೋಡಬೇಕು.

ಇನ್ನೇನು ಬರೆಯಲಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಜಹೀರಾ


ತಿರ್ಲಾಪುರ
1 ಡಿಸೆಂಬರ್ 2024

ಜಹೀರಾ,

ಅಕ್ಕಿ ಬಂತು. ಶುಕ್ರವಾರ ನಮಾಜ್ ಆದ ಮೇಲೆ ಓಣಿಯವರನ್ನೆಲ್ಲ ಕರೆದೆ. ನಿನ್ನ ಅಮ್ಮ ಬೇಳೆ ಸಾರು, ಬದನೆಕಾಯಿ ಪಲ್ಯ ಮಾಡಿದ್ದಳು. ಜನ ಉಂಡರು, ಹೊಗಳಿದರು. ನಾನು ಬಡಿಸುತ್ತ ಸಮುದ್ರದ ಕತೆ ಮತ್ತೊಂದು ಸಲ ಹೇಳಿದೆ.

ಕಲಘಟಗಿಯ ಹನಮಂತಪ್ಪ ಗೊತ್ತಲ್ಲ, ಜಿನ್ನಿನಲ್ಲಿ ನನ್ನ ಜೊತೆಗಿದ್ದವನು, ಈಗ ಭತ್ತ ಬೆಳೆಯುತ್ತಾನೆ. ಎತ್ತು ನೋಡಲು ಈ ಕಡೆ ಬಂದಿದ್ದ. ಅವನೂ ಉಂಡ. ಎಲ್ಲರೂ ಹೋದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು, ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದ: "ಕಾಸೀಮಣ್ಣಾ, ಹೊಸಾ ಅಕ್ಕಿ ಅನ್ನ ಮೆತ್ತಗ ಮುದ್ದಿ ಆಗತೈತಿ. ಇದು ಅಗದಿ ಉದುರುದುರ ಐತಿ. ಕಡಿಮಿ ಅಂದ್ರೂ ವರ್ಷ ದಾಟಿದ ಅಕ್ಕಿ. ಮಿಲ್ಲಿಂದು. ನಿನ್ನ ಮಗಳು ಅಂಗಡ್ಯಾಗ ತಗೊಂಡಾಳ."

ನಾನು ಅವನಿಗೆ ಬೈದೆ. ನೀನು ಕಲಘಟಗಿ ಬಿಟ್ಟು ಸಮುದ್ರ ನೋಡಿದವನಲ್ಲ, ನಿನಗೇನು ಗೊತ್ತು ಎಂದೆ. ಅವನು ಸಿಟ್ಟಾಗಲಿಲ್ಲ. ನನ್ನ ಭುಜ ತಟ್ಟಿ ಹೋದ. ಅವನು ತಿರುಗಿ ಬೈದಿದ್ದರೆ ನಾನು ನಂಬುತ್ತಿರಲಿಲ್ಲ.

ಆಮೇಲೆ ನಿನ್ನ ಪತ್ರಗಳನ್ನು ತೆಗೆದು ಓದಿದೆ. ಪೈರು ಎಂದು ಕೇಳಿದರೆ ಮಳೆ ಎಂದಿದ್ದೀಯ. ಪಾಳಿ ಎಂದು ಕೇಳಿದರೆ ಉತ್ತರವೇ ಇಲ್ಲ. ಆ ಮುದುಕಿಯ ಕಣ್ಣಲ್ಲಿ ನೀರಿತ್ತು ಎಂದು ನಾನೇ ಬರೆದಿದ್ದೆ. ಸಂತೋಷಕ್ಕೆ ಯಾರಾದರೂ ಹಾಗೆ ಓಡಿ ಬರುತ್ತಾರೆಯೇ?

ನಾನು ಕಿವುಡ, ಕುರುಡನಲ್ಲ. ನನ್ನಿಂದ ಏನಾಯಿತು, ಬರಿ. ಪೂರ್ತಿ ಬರಿ. ನಿನ್ನ ಅಮ್ಮನಿಗೆ ಓದಿ ಹೇಳುವುದಿಲ್ಲ.

ಅಬ್ಬಾ


ಕುಮಟಾ ತಾಲೂಕು
9 ಡಿಸೆಂಬರ್ 2024

ಅಬ್ಬಾ,

ಬರೆಯುತ್ತೇನೆ.

ನೀವು ಬಾಗಿಲು ಹಾಕಿದ ದಿನ ಗದ್ದೆಗೆಲ್ಲ ಮೊಳಕೆ ಎರಚಿ ಆಗಿತ್ತು. ಎರಚಿದ ಮೇಲೂ ಕೆಳಗಿನ ಉಪ್ಪು ಮೇಲೆ ಏಳುತ್ತಲೇ ಇರುತ್ತದೆ. ಮೊಳಕೆ ಬೇರು ಕಚ್ಚುವವರೆಗೆ ಪ್ರತಿ ಇಳಿತಕ್ಕೂ ನೀರು ಹೊರಗೆ ಬಿಡಬೇಕು. ನೀವು ಸಿಹಿನೀರು ಅಂದುಕೊಂಡದ್ದು ಗದ್ದೆಯ ಉಪ್ಪನ್ನೆಲ್ಲ ಹೊತ್ತುಕೊಂಡು ಹೊರಟ ನೀರು. ಒಂದು ಬೊಗಸೆ ಬಾಯಿಗೆ ಹಾಕಿ ನೋಡಿದ್ದರೆ ಸಾಕಿತ್ತು.

ಮಾದೇವಿ ಹೊಗಳಲಿಲ್ಲ. "ಅಯ್ಯೋ, ಎಂತಾ ಮಾಡ್ಬಿಟ್ರಿ? ಆ ನೀರು ಹೋಗ್ಬೇಕಿತ್ತು, ಹಲಗೆ ತೆಗೀರಿ" ಎಂದು ಅತ್ತಳು. ನೀವು ಕೈ ಮುಗಿದಿರಿ. ಅವಳು ನನ್ನ ಹತ್ತಿರ ಓಡಿಬಂದಳು. ನಾನು ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡಿದೆ. ನಾವು ಹೋಗುವಷ್ಟರಲ್ಲಿ ಭರತ ಏರಿತ್ತು. ಆಗ ಹಲಗೆ ಎತ್ತಿದರೆ ಹೊರಗಿನ ಉಪ್ಪುನೀರೇ ಒಳಗೆ ಬರುತ್ತದೆ. ರಾತ್ರಿ ಜೋರು ಮಳೆ ಬಂತು, ಒಳಗಿನ ನೀರು ಇನ್ನೂ ಏರಿತು. ಮುಂದಿನ ಇಳಿತಕ್ಕೆ, ನೀವು ಮಲಗಿದ್ದಾಗ, ಊರ ಗಂಡಸರು ಜಗ್ಗಿದರು, ನೀವು ಮೆತ್ತಿದ ಜೇಡಿ ಬಿಡಲಿಲ್ಲ, ಹಲಗೆ ಉಬ್ಬಿ ಕೂತಿತ್ತು. ನಿಮ್ಮ ಕೆಲಸ ಯಾವಾಗಲೂ ಗಟ್ಟಿ. ಬೆಳಗಾಗುವಷ್ಟರಲ್ಲಿ ಮೊಳಕೆಯೆಲ್ಲ ತೇಲಿ ಒಡ್ಡಿನ ಮೂಲೆಗೆ ಬಂದು ಕೂತಿತ್ತು. ನೀವು ಬಸ್ಸಿನಿಂದ ಕೈ ಮಾಡಿದಾಗ ಜನ ಅದನ್ನು ನೋಡುತ್ತ ನಿಂತಿದ್ದರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಪಾಳಿಯನ್ನು ಮೆತ್ತಗೆ ಬೇರೆ ಮನೆಗೆ ಕೊಟ್ಟರು. ಅತ್ತೆ, "ಬೀಗರು ನಮ್ಮ ಮನೆಗೆ ಬಂದಾಗ ಆಗಿದ್ದು, ಹಾಗಾಗಿ ತಪ್ಪು ನಮ್ಮದೇ" ಎಂದರು. ನಿಮ್ಮ ಅಳಿಯ, "ನಿಮ್ಮಪ್ಪನಿಗೆ ಹೇಳಬೇಡ, ತಡಕೊಳ್ಳೂದಿಲ್ಲ" ಎಂದರು. ಹಾಗೆ ಹೇಳಿದವರು ನನ್ನ ಜೊತೆಗೂ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಹಿಂದಿನ ವರ್ಷದ ಭತ್ತವನ್ನು ಹುಲ್ಲಿನಲ್ಲಿ ಮುಡಿ ಕಟ್ಟಿ ಇಟ್ಟುಕೊಂಡದ್ದೇ ಬೀಜ. ಅದೆಲ್ಲ ನೀರಿಗೆ ಹೋಯಿತು. ಮಾದೇವಿ ಮಾತ್ರ ಸ್ವಲ್ಪ ಎತ್ತಿಟ್ಟಿದ್ದಳು, ತನ್ನ ಎತ್ತರದ ಮೂಲೆಗೆ ಮತ್ತೆ ಎರಚಿದಳು. ಅದರಲ್ಲಿ ಒಂದು ಮುಡಿ ಬೀಜವಾಗಿದೆ. ಇದನ್ನೇ ಬಿತ್ತಿ ಬೆಳೆಸಿದರೆ ಒಂದೆರಡು ವರ್ಷದಲ್ಲಿ ಎಲ್ಲರಿಗೂ ಬೀಜವಾಗುತ್ತದೆ ಎನ್ನುತ್ತಾಳೆ. ಉಳಿದವರು, ಬೀಜವೇ ಇಲ್ಲದ ಮೇಲೆ ಇನ್ನೇನು, ಸಿಗಡಿಯವನಿಗೆ ಕೊಟ್ಟುಬಿಡೋಣ ಎನ್ನುತ್ತಾರೆ. ನೀರು ಎಲ್ಲರಿಗೂ ಒಂದೇ ಆದ್ದರಿಂದ ಒಬ್ಬರು ಮಾತ್ರ ಭತ್ತ ಬೆಳೆಯಲು ಆಗುವುದಿಲ್ಲ. ಜನವರಿಯ ಮೊದಲ ಭಾನುವಾರ ಸಭೆ.

ಅಕ್ಕಿ ಕುಮಟಾ ಪೇಟೆಯದು. ನಿಮ್ಮ ಮರ್ಯಾದೆ ಉಳಿಸಲು ಕಳಿಸಿದೆ ಎಂದುಕೊಂಡಿದ್ದೆ. ಈಗ ನೋಡಿದರೆ, ನಿಮಗೆ ಹೇಳುವ ಧೈರ್ಯವಿಲ್ಲದೆ ಕಳಿಸಿದ್ದು.

ಜಹೀರಾ


ತಿರ್ಲಾಪುರ
8 ಜನವರಿ 2025

ಜಹೀರಾ ಬೇಟಿ,

ಸುಖವಾಗಿ ಬಂದು ಸೇರಿದೆ. ಸಭೆಯ ಹೊತ್ತಿಗೆ ಹೇಳದೆ ಕೇಳದೆ ನಿಮ್ಮೂರಿಗೆ ಬಂದು ನಿಮಗೆಲ್ಲ ಗಾಬರಿ ಮಾಡಿದೆ. ಬರುತ್ತೇನೆ ಎಂದು ಬರೆದಿದ್ದರೆ ನೀನು ಬೇಡವೆನ್ನುತ್ತಿದ್ದೆ.

ನಿನ್ನ ಪತ್ರ ಓದಿದ ಮೇಲೆ ನಾಲ್ಕು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ನಿನ್ನ ಅಮ್ಮನಿಗೆ ಹೇಳುವುದಿಲ್ಲ ಎಂದಿದ್ದೆ, ಆಗಲಿಲ್ಲ, ಹೇಳಿದೆ. ಅವಳು ಒಂದು ಕೈ ಸನ್ನೆ ಮಾಡಿದಳು, ಹೋಗು ಎಂದು. ಅಷ್ಟೇ. ಹೊರಡುವ ಮೊದಲು ಚಹಾದಂಗಡಿಗೆ ಹೋಗಿ, ನಾನು ಉಳಿಸಿದ್ದು ನೀರಲ್ಲ, ಒಂದು ಊರಿನ ಬೀಜ ಹಾಳು ಮಾಡಿ ಬಂದಿದ್ದೇನೆ ಎಂದು ಹೇಳಿದೆ. ಕೆಲವರು ನಕ್ಕರು. ನಕ್ಕವರ ಮೇಲೆ ಸಿಟ್ಟು ಬರಲಿಲ್ಲ. ನಾನು ಅವರ ಜಾಗದಲ್ಲಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ಸಭೆಯಲ್ಲಿ ನಾನು ಏನು ಹೇಳಿದೆನೋ ನೀನು ಕೇಳಿದ್ದೀಯ. ಆದರೂ ಬರೆಯುತ್ತೇನೆ, ಮನಸ್ಸಿಗೆ ಹಗುರ. "ತಪ್ಪು ನಂದ್ರಿ. ನಮ್ಮ ಕಡೀ ನೀರು ಕಂಡ್ರ ಹಿಡೀಬೇಕು, ಬಿಡಬಾರದು ಅಂತ ಕಲ್ತ ಕೈ ಇವು. ಹೇಳಿದ್ರೂ ಕೇಳಲಿಲ್ಲ. ನಾ ಮಾಡಿದ ತಪ್ಪಿಗೆ ಭೂಮಿಗೆ ಶಿಕ್ಷಾ ಕೊಡಬ್ಯಾಡ್ರಿ. ಆ ಯವ್ವನ ಹಂತ್ಯಾಕ ಒಂದ್ ಮುಡಿ ಬೀಜ ಐತಂತ. ಅದನ್ನ ಬಿತ್ರಿ. ಜೂನದಾಗ ನಾನೂ ಬರ್ತೀನಿ, ನಿಮ್ಮ ಆಳಾಗಿ ದುಡೀತೀನಿ. ಹಲಗಿ ಎತ್ತು ಅಂದ್ರ ಎತ್ತತೀನಿ, ಇಳಸು ಅಂದ್ರ ಇಳಸತೀನಿ."

ನನ್ನ ದನಿ ಜೋರಾಯಿತೇನೋ, ಶಾಲೆಯ ಪಡಸಾಲೆಯ ಕಾಗೆಗಳು ಎದ್ದು ಹೋದವು. ಆದರೆ ಜನ ನೋಡು, ಎಷ್ಟು ಒಳ್ಳೆಯವರು. ಒಬ್ಬರೂ ಮುಖ ತಿರುವಲಿಲ್ಲ. ಎಲ್ಲರೂ ತಲೆಯಾಡಿಸಿದರು. ಬಿಳಿ ಮೀಸೆಯ ಆ ಹಿರಿಯರು ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು, ಚಹಾ ಕೊಡಿಸಿದರು. ನೀನು ಬಸ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ. ನನಗೂ ಅಳು ಬಂತು. ಇಷ್ಟು ತಿಂಗಳ ಭಾರ ಇಳಿದಾಗ ಯಾರಿಗಾದರೂ ಬರುತ್ತದೆ.

ಈಗ ಊರಿನಲ್ಲಿ ಕೇಳಿದವರಿಗೆಲ್ಲ, ಅವರು ಒಪ್ಪಿದರು, ಗದ್ದೆ ಉಳಿಯಿತು ಎಂದು ಹೇಳಿದ್ದೇನೆ. ಮೃಗಶಿರಾ ಮಳೆ ಬೀಳುವ ಹೊತ್ತಿಗೆ ಅಲ್ಲಿರುತ್ತೇನೆ. ಇಳಿತ ಯಾವಾಗ, ಭರತ ಯಾವಾಗ ಎಂದು ನೋಡಿ ತಿಳಿಯುವುದು ಹೇಗೆ, ಅಳಿಯಂದಿರನ್ನು ಕೇಳಿ ಬರೆದು ಕಳಿಸು. ಈ ವಯಸ್ಸಿನಲ್ಲೂ ಕಲಿಯುತ್ತೇನೆ.

ನಿನ್ನ ಅಬ್ಬಾ
ಕಾಸೀಮಸಾಬ


ಕುಮಟಾ ತಾಲೂಕು
22 ಜನವರಿ 2025

ಅಬ್ಬಾ,

ಅವರು ಒಪ್ಪಲಿಲ್ಲ.

ನೀವು ಎದ್ದು ನಿಲ್ಲುವ ಮೊದಲೇ ಎಲ್ಲ ಮುಗಿದಿತ್ತು. ಬೆಳಿಗ್ಗೆಯೇ ಮನೆಮನೆಯವರು ಕಾಂಟ್ರಾಕ್ಟರ್‌ಗೆ ಹೂಂ ಎಂದಿದ್ದರು, ಸಭೆ ಹೆಸರಿಗೆ ಮಾತ್ರ. ಜನ ತಲೆಯಾಡಿಸಿದ್ದು ನಿಮ್ಮ ಮಾತಿಗಲ್ಲ, ನಿಮ್ಮ ವಯಸ್ಸಿಗೆ. ಅಷ್ಟು ದೂರದಿಂದ ಬಂದು ತಪ್ಪು ಒಪ್ಪಿಕೊಂಡ ಹಿರಿಯರ ಮನಸ್ಸು ನೋಯಿಸುವುದು ಯಾರಿಗೂ ಬೇಡವಾಗಿತ್ತು. ಆ ಬಿಳಿ ಮೀಸೆಯವರು ನಿಮ್ಮ ಕೈ ಹಿಡಿದು ಹೇಳಿದ್ದು ಇಷ್ಟು: "ನೀವು ಮನಸ್ಸಿಗೆ ಹಚ್ಕೋಬೇಡಿ ಸಾಹೇಬ್ರೆ. ನೀವು ಹಲಗೆ ಹಾಕ್ದೆ ಇದ್ರೂ ಇವತ್ತಲ್ಲ ನಾಳೆ ಇದು ಹೀಗೇ ಆಗ್ತಿತ್ತು. ನಮ್ಮ ಮನೇಲೂ ಗದ್ದೆಗೆ ಇಳಿಯೋರು ಯಾರಿದ್ದಾರೆ."

ಅದು ನಿಜವೂ ಇರಬಹುದು. ನನಗೆ ಸಮಾಧಾನವಾಗಲಿಲ್ಲ. ಬೆಳೆ ಬಂದಿದ್ದರೆ ಮಾದೇವಿಯ ಮಾತಿಗೆ, ನಿಮ್ಮ ಅಳಿಯನ ಮಾತಿಗೆ ಒಂದು ಬಲ ಇರುತ್ತಿತ್ತು. ಬರಿಗೈಯವರ ಮಾತು ಯಾರು ಕೇಳುತ್ತಾರೆ.

ಬಸ್ ಸ್ಟ್ಯಾಂಡಿನಲ್ಲೇ ನಿಮಗೆ ತಿಳಿಸಬೇಕಿತ್ತು. ನಿಮ್ಮ ಮುಖ ಅಷ್ಟು ಹಗುರವಾಗಿತ್ತು, ಅಂಗೈ ಮೇಲೆ ಬರೆದು ತೋರಿಸಲು ಪೆನ್ನು ತೆಗೆದವಳು ಹಾಗೇ ಚೀಲಕ್ಕೆ ಹಾಕಿದೆ. ಆಮೇಲೆ ಮನೆಗೆ ಬಂದು ಯೋಚಿಸಿದೆ. ಒಂದು ಸಲ ಮುಚ್ಚಿಟ್ಟು ನಿಮ್ಮನ್ನು ಓಣಿಯವರ ಮುಂದೆ ನಗೆಪಾಟಲು ಮಾಡಿದೆ. ಇನ್ನೊಂದು ಸಲ ಮಾಡಿದರೆ ಜೂನಿನಲ್ಲಿ ನೀವು ಕೆಲಸಕ್ಕೆಂದು ಬಂದು ಒಡ್ಡಿನ ಮೇಲೆ ನಿಂತಾಗ ತಿಳಿಯುತ್ತಿತ್ತು. ಅದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹೋದ ವಾರ ಹಲಗೆಯನ್ನು ಇನ್ನೆಂದೂ ಹಾಕದಂತೆ ಕಿತ್ತು ತೆಗೆದರು. ನಾನು ಹೋಗಲಿಲ್ಲ, ನಿಮ್ಮ ಅಳಿಯ ಹೋಗಿದ್ದರು. ಬಂದು ಊಟ ಮಾಡದೆ ಮಲಗಿದರು. ಮಾದೇವಿ ಆ ಒಂದು ಮುಡಿ ಬೀಜವನ್ನು ಅಟ್ಟದ ಮೇಲೇ ಇಟ್ಟಿದ್ದಾಳೆ. ವರ್ಷ ಕಳೆದರೆ ಮೊಳಕೆ ಬರುವುದಿಲ್ಲವೆಂದು ಅವಳಿಗೂ ಗೊತ್ತು. ಕುಟ್ಟಿ ಅನ್ನ ಮಾಡು ಎಂದು ಸೊಸೆ ಹೇಳಿದರೆ, "ಇರ್ಲಿ" ಎನ್ನುತ್ತಾಳೆ. ಅವಳು ನನ್ನ ಜೊತೆ ಮೊದಲಿನಂತೆ ಮಾತಾಡುತ್ತಿದ್ದಾಳೆ. ನೀವು ಬಂದು ಹೋದದ್ದರಿಂದ ಅಷ್ಟಾಯಿತು. ಬಾವಿಯ ಹತ್ತಿರ ಉಳಿದವರೂ ಮಾತಾಡುತ್ತಾರೆ. ಇದನ್ನೂ ನಿಮಗೆ ಹೇಳಬೇಕು.

ಇನ್ನೊಂದು ಮಾತು ಉಳಿದಿದೆ. ಅಬ್ಬಾ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಬಹಳ ಸಿಟ್ಟಿದೆ. ನಾನು ಅಷ್ಟು ಬಿಡಿಸಿ ಬರೆದಿದ್ದೆ, ನೀವು ಓದಿದ್ದಿರಿ, ಓದಿಯೂ ಮಗಳಿಗೇನು ತಿಳಿಯುತ್ತದೆ ಅಂದುಕೊಂಡಿರಿ. ನಿಮ್ಮ ಕಿವಿ ಕೇಳದ್ದಕ್ಕೆ ನನಗೆ ಎಂದೂ ಬೇಸರವಾಗಿಲ್ಲ. ಇದಕ್ಕೆ ಆಯಿತು. ಇಷ್ಟು ತಿಂಗಳು ನಾನು ಬರೆಯಲಾಗದೆ ಕೂತದ್ದು ಮೊಳಕೆಯ ವಿಷಯವಲ್ಲ, ಇದೇ. ಈಗ ಬರೆದಾಯಿತು. ಬರೆದ ಮೇಲೆ ನಿಮ್ಮನ್ನು ನೋಡಬೇಕು ಅನಿಸುತ್ತಿದೆ.

ಜೂನಿನಲ್ಲಿ ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಇಲ್ಲಿ ನಿಮಗೆ ಕೆಲಸವೇನೂ ಇರುವುದಿಲ್ಲ. ಸುಮ್ಮನೆ ಮಗಳ ಮನೆಗೆ ಬರುವಂತೆ ಬನ್ನಿ.

ನಿಮ್ಮ
ಜಹೀರಾ